ಕೂಸಿನ ಮೊದಲ ವರ್ಷ: ಎರೆಯುವ ಬಚ್ಚಲಿನಿಂದ ಜಮಖಾನದವರೆಗೆ

ಹುಟ್ಟಿದ ಕೂಸಿಗೆ ಕಣ್ಣು ಕಾಣುವುದಿಲ್ಲ, ಅದಕ್ಕೇನೂ ತಿಳಿಯುವುದಿಲ್ಲ ಎಂಬ ಮಾತು ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇನ್ನೂ ಕೇಳಿಬರುತ್ತದೆ. ಆದರೆ ಅದಕ್ಕೆ ಕಾಣುತ್ತದೆ, ತಿಳಿಯುತ್ತದೆ. 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮೊದಲ ದಿನದಿಂದಲೇ ತಕ್ಕಮಟ್ಟಿಗೆ ಕಾಣುತ್ತದೆ. ಎದೆಗೆ ಹಚ್ಚಿದಾಗ ಅವ್ವನ ಮುಖ ಇರುವುದೂ ಸರಿಸುಮಾರು ಅಷ್ಟೇ ದೂರದಲ್ಲಿ. ಹೊಟ್ಟೆಯಲ್ಲಿದ್ದಾಗಲೇ, ಆರನೆಯ ತಿಂಗಳ ಹೊತ್ತಿಗೆ, ಅದಕ್ಕೆ ಹೊರಗಿನ ದನಿ ಕೇಳಿಸತೊಡಗಿರುತ್ತದೆ. ಹುಟ್ಟಿ ಒಂದೆರಡು ದಿನವಾದ ಕೂಸುಗಳು ಬೇರೆ ಹೆಂಗಸರ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಹೆಚ್ಚು ಬಯಸುತ್ತವೆ ಎಂಬುದನ್ನು 1980ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹುಟ್ಟುವಾಗ ದೊಡ್ಡವರ ಮಿದುಳಿನ ಕಾಲು ಭಾಗಕ್ಕಿಂತ ತುಸು ಹೆಚ್ಚಿರುವ ಕೂಸಿನ ಮಿದುಳು ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನರಕೋಶಗಳಲ್ಲಿ ಬಹುಪಾಲು ಹುಟ್ಟುವಾಗಲೇ ಇರುತ್ತವೆ. ಅವುಗಳ ನಡುವಿನ ಕೊಂಡಿಗಳು ಮಾತ್ರ ಕೂಸು ನೋಡಿದ್ದು, ಕೇಳಿದ್ದು, ಮುಟ್ಟಿದ್ದರಿಂದ ಗಟ್ಟಿಯಾಗುತ್ತ ಹೋಗುತ್ತವೆ. ಬಳಕೆಗೆ ಬಾರದ ಕೊಂಡಿಗಳು ಉದುರುತ್ತವೆ. ಇದಕ್ಕಾಗಿ ಪಾಠದ ಹೊತ್ತು ಅಂತ ಬೇರೆ ಬೇಕಿಲ್ಲ, ದುಬಾರಿ ಆಟಿಕೆಯೂ ಬೇಕಿಲ್ಲ. ಹಾಲು ಕುಡಿಸುವುದು, ಎರೆಯುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ಹೇಗೂ ಇದ್ದೇ ಇವೆ. ಆ ಕೆಲಸಗಳ ನಡುವೆ ಕೂಸು ಒಂದು ಸನ್ನೆ ಮಾಡುತ್ತದೆ, ದೊಡ್ಡವರು ಉತ್ತರ ಕೊಡುತ್ತಾರೆ, ಅದು ಮತ್ತೆ ಸನ್ನೆ ಮಾಡುತ್ತದೆ. ಮೊದಲ ವರ್ಷದ ಕಲಿಕೆಯೆಲ್ಲ ಈ ಕೊಡು-ಕೊಳ್ಳುವಿಕೆಯಲ್ಲೇ ಇದೆ. ಅದನ್ನು ದಿನದ ಕೆಲಸದೊಳಗೆ ಹೇಗೆ ತರಬೇಕು ಎಂಬುದನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಸನ್ನೆ ಓದಿ, ಆಮೇಲೆ ಕಾಯಿರಿ

ಹಸಿದ ಕೂಸು ಮೊದಲು ಅಳುವುದಿಲ್ಲ. ತಲೆಯನ್ನು ಅತ್ತಿತ್ತ ತಿರುಗಿಸುತ್ತದೆ, ಬಾಯಿ ತೆರೆಯುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಅಳು ಬರುವುದು ಎಲ್ಲಕ್ಕಿಂತ ಕೊನೆಗೆ. ದಣಿದ ಕೂಸು ಮುಖ ಹೊರಳಿಸುತ್ತದೆ, ಆಕಳಿಸುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿಸುತ್ತದೆ. ಆಡಲು ಸಿದ್ಧವಿರುವ ಕೂಸಿನ ಕಣ್ಣು ಅಗಲವಾಗಿರುತ್ತವೆ, ಕೈಕಾಲು ಶಾಂತವಾಗಿರುತ್ತವೆ, ನಿಮ್ಮ ಮುಖವನ್ನೇ ದಿಟ್ಟಿಸುತ್ತದೆ. ಒಂದು ವಾರ ಇಷ್ಟನ್ನೇ ಗಮನಿಸಿ ನೋಡಿ. ನಿಮ್ಮ ಕೂಸಿನ ಸನ್ನೆಗಳು ನಿಮಗೆ ತಿಳಿದುಬಿಡುತ್ತವೆ.

ಕಣ್ಣು ಅಗಲ ಮಾಡಿಕೊಂಡು ನೋಡುವಾಗ ಹತ್ತಿರ ಬಗ್ಗಿ ಒಂದು ಮಾತು ಆಡಿ. "ಯಾಕವ್ವಾ, ಎಚ್ಚರಾತೇನು?" ಅಂದು ಸುಮ್ಮನಾಗಿ. ಮನಸ್ಸಿನಲ್ಲೇ ಐದರಿಂದ ಹತ್ತರವರೆಗೆ ಎಣಿಸಿ. ಉತ್ತರ ಕೊಡಲು ಕೂಸಿಗೆ ಅಷ್ಟು ಹೊತ್ತು ಬೇಕಾಗುತ್ತದೆ, ನಾವು ಗಡಿಬಿಡಿಯಲ್ಲಿ ಅದನ್ನು ಕೊಡುವುದಿಲ್ಲ. ಕಾಲು ಒದರುವುದು, ತುಟಿ ಮುಂದೆ ಮಾಡುವುದು, "ಊಂ" ಎನ್ನುವುದು, ಎಲ್ಲವೂ ಉತ್ತರವೇ. ಆರರಿಂದ ಎಂಟು ವಾರದ ಹೊತ್ತಿಗೆ ನಿಮ್ಮ ಮುಖ ನೋಡಿ ನಗುವುದು ಶುರುವಾಗುತ್ತದೆ. ನಿದ್ದೆಯಲ್ಲಿ ಬರುವ ನಗು ಬೇರೆ, ಇದು ನಿಮಗಾಗಿ ಬಂದ ನಗು.

"ಅತ್ತಾಗೆಲ್ಲಾ ಎತ್ತಿಕೊಂಡರೆ ರೂಢಿ ಆಗ್ತದ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೊದಲ ತಿಂಗಳುಗಳಲ್ಲಿ ಎತ್ತಿಕೊಂಡು ಸಂತೈಸುವುದರಿಂದ ಕೂಸು ಹಾಳಾಗುವುದಿಲ್ಲ. ನಾನು ಕರೆದರೆ ಯಾರೋ ಬರುತ್ತಾರೆ ಎಂಬ ಭರವಸೆ ಅದರಲ್ಲಿ ಬೇರೂರುತ್ತದೆ. ಮುಂದೆ ಅವ್ವನ ಸೆರಗು ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗುವ ಧೈರ್ಯ ಆ ಭರವಸೆಯಿಂದಲೇ ಬರುತ್ತದೆ. ಅಳು ಆರನೆಯ ವಾರದ ಸುಮಾರಿಗೆ ಅತಿ ಹೆಚ್ಚಿದ್ದು, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹಾಲು ಕುಡಿಸಿ, ಬಟ್ಟೆ ಬದಲಿಸಿ, ಹೆಗಲಿಗೆ ಹಾಕಿಕೊಂಡು ತಿರುಗಾಡಿದರೂ ನಿಲ್ಲದಿದ್ದಾಗ ನಿಮಗೇ ಸಿಟ್ಟು ಬರತೊಡಗಿದರೆ, ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ನಿಂತು ಬನ್ನಿ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಿ. ಎಂಥ ಸಂದರ್ಭದಲ್ಲೂ ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸಬಾರದು. ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರಬಹುದು.

ಹೆಜ್ಜೆ 2: ಎರೆಯುವ ಹೊತ್ತನ್ನು ಮಾತಿನ ಹೊತ್ತು ಮಾಡಿ

ನಮ್ಮ ಕಡೆಯ ಬಾಣಂತನದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಎಣ್ಣೆ ಹಚ್ಚಿ ಎರೆಯುವ ಪದ್ಧತಿ. ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಬೆಚ್ಚನೆಯ ಅಂಗೈಯಿಂದ ತೊಡೆ, ಬೆನ್ನು, ಹೆಗಲು ನೀವುವಾಗ ಕೂಸಿಗೆ ತನ್ನ ಮೈಯ ಅರಿವು ಮೂಡುತ್ತದೆ. ಮುಟ್ಟುವುದು, ಮಾತು, ಮುಖ ಮೂರೂ ಒಟ್ಟಿಗೆ ಸಿಗುವ ಹೊತ್ತು ಇದು. ಇದನ್ನು ಮೌನವಾಗಿ, ಕೆಲಸ ಮುಗಿದರೆ ಸಾಕು ಎನ್ನುವಂತೆ ಮಾಡಬೇಡಿ. "ಈಗ ಎಡಗಾಲಿಗೆ ಎಣ್ಣಿ ಹಚ್ಚೂಣು. ಇನ್ನ ಬಲಗಾಲು ಎಲ್ಲೈತಿ? ಇಲ್ಲೈತಿ ನೋಡು. ನೀರು ಬರಾಕತ್ತೈತಿ, ಹೆದರಬ್ಯಾಡ" ಎಂದು ಮಾಡುವುದನ್ನೆಲ್ಲ ಹೇಳುತ್ತ ಹೋಗಿ. ದಿನವೂ ಅದೇ ಕ್ರಮ, ಅದೇ ಮಾತು ಇರಲಿ. ಮೂರ್ನಾಲ್ಕು ತಿಂಗಳಿಗೆ ಮುಂದೇನು ಬರುತ್ತದೆ ಎಂದು ಕೂಸು ಮೊದಲೇ ಊಹಿಸತೊಡಗುತ್ತದೆ. ತಂಬಿಗೆಯ ಸದ್ದಾದರೆ ಕಾಲು ಒದರುತ್ತದೆ.

ಪದ್ಧತಿ ಒಳ್ಳೆಯದಾದರೂ ಅದರ ಜೊತೆ ಬಂದ ಕೆಲವನ್ನು ಬಿಡಲೇಬೇಕು. ಹುಟ್ಟಿದ ಮೊದಲ 24 ತಾಸು ಎರೆಯಬೇಡಿ, ಕೂಸಿನ ಮೈ ತಣ್ಣಗಾಗುತ್ತದೆ. ಆಮೇಲೂ ನೀರು ಮೈಗೆ ಹಿತವಾಗುವಷ್ಟು ಬೆಚ್ಚಗಿದ್ದರೆ ಸಾಕು, ಹಂಡೆಯಿಂದ ತೋಡಿದ ಸುಡುನೀರು ಬೇಡ. ಮೊಣಕೈ ಅದ್ದಿ ನೋಡಿ, ಮೊಣಕೈಗೆ ಬಿಸಿ ಅನಿಸಿದರೆ ಕೂಸಿಗೆ ಬಲು ಬಿಸಿ. ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಮೂಗು ಎಳೆಯುವುದು, ತಲೆ ಒತ್ತಿ ಆಕಾರ ಕೊಡುವುದು, ಹಸುಗೂಸಿನ ಎದೆ ಹಿಂಡಿ ಹಾಲು ತೆಗೆಯುವುದು, ಔಡಲೆಣ್ಣೆ ಕುಡಿಸುವುದು, ಬಜೆ ತೇಯ್ದು ನೆಕ್ಕಿಸುವುದು, ಇವೆಲ್ಲ ಅಪಾಯ. ಎದೆ ಹಿಂಡಿದರೆ ಬಾವು ಕಟ್ಟುತ್ತದೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಲೋಬಾನದ ಹೊಗೆ, ಅಗ್ಗಿಷ್ಟಿಕೆಯ ಹೊಗೆ ಹಸುಗೂಸಿನ ಉಸಿರಿಗೆ ಒಳ್ಳೆಯದಲ್ಲ. ಕಣ್ಣಿಗೆ ಕಾಡಿಗೆ ಬೇಡ, ಎಷ್ಟೋ ಕಾಡಿಗೆಯಲ್ಲಿ ಸೀಸ ಇರುತ್ತದೆ, ಸೀಸ ಮಿದುಳಿಗೆ ವಿಷ. ದೃಷ್ಟಿಯಾಗಬಾರದು ಎಂದಿದ್ದರೆ ಅಂಗಾಲಿಗೆ ಒಂದು ಬೊಟ್ಟು ಇಡಿ, ಅಲ್ಲಿಂದ ಅದು ಬಾಯಿಗಾಗಲೀ ಕಣ್ಣಿಗಾಗಲೀ ಹೋಗದಂತೆ ಕಾಲುಚೀಲ ಹಾಕಿ. ಅಜ್ಜಿಯಂದಿರಿಗೆ ಇದನ್ನೆಲ್ಲ ಹೇಳುವಾಗ ಮೊದಲು ಅವರ ಕೈಯ ಹದವನ್ನು ಮೆಚ್ಚಿಕೊಂಡು ಮಾತು ಶುರುಮಾಡಿ. ಅವರ ಕೈಯಲ್ಲಿ ಎಷ್ಟೋ ಕೂಸು ಬೆಳೆದಿರುತ್ತವೆ, ಅವರನ್ನು ಬಿಟ್ಟು ಬಾಣಂತನ ನಡೆಯುವುದೂ ಇಲ್ಲ.

2.5 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಎರೆಯುವುದನ್ನು ಮುಂದೂಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅಂಥ ಕೂಸಿಗೆ ಬೇಕಿರುವುದು ಮೈಶಾಖ: ಅಂಗಿ ಬಿಚ್ಚಿದ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ, ತಲೆಗೆ ಕುಂಚಿಗೆ ಹಾಕಿ, ಮೇಲೆ ಬಟ್ಟೆಯಿಂದ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದ ವೈದ್ಯರು ಇನ್‌ಕ್ಯುಬೇಟರ್ ಸಾಲದೆ ಶುರುಮಾಡಿದ ಈ ಕಾಂಗರೂ ಆರೈಕೆ ಈಗ ಜಗತ್ತಿನೆಲ್ಲೆಡೆ ಇದೆ. ಅಪ್ಪನೂ ಮಾಡಬಹುದು, ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಹೆಜ್ಜೆ 3: ಜಮಖಾನ ಹಾಸಿ, ನೆಲಕ್ಕೆ ಬಿಡಿ

ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಜಿಲ್ಲೆಯ ಹೆಮ್ಮೆ. ಮಲಗಲು ಅದು ಸೊಗಸು. ಹಳೆಯ ತೊಟ್ಟಿಲಿಗೆ ಮನೆಯಲ್ಲಿ ಪೇಂಟ್ ಬಳಿದಿದ್ದರೆ ಮಾತ್ರ ಕೂಸು ಅಂಚು ಕಚ್ಚದಂತೆ ನೋಡಿಕೊಳ್ಳಿ. ಆದರೆ ಎಚ್ಚರವಿರುವ ಕೂಸನ್ನು ದಿನವೆಲ್ಲ ತೊಟ್ಟಿಲಲ್ಲೋ ಜೋಳಿಗೆಯಲ್ಲೋ ಇಟ್ಟು ತೂಗುತ್ತಿದ್ದರೆ ಅದಕ್ಕೆ ಕುತ್ತಿಗೆ ಎತ್ತಲು, ಹೊರಳಲು ಜಾಗ ಎಲ್ಲಿದೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ಇನ್ನೂ ಅಂಬೆಗಾಲಿಡದ ಕೂಸು ಎಚ್ಚರವಿದ್ದಾಗ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲು ಮಲಗಿರಬೇಕು, ಒಂದೇ ಸಲಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಕಟ್ಟಿಹಾಕಿದಂತೆ ಇರಬಾರದು.

ನವಲಗುಂದದ್ದೋ ಬೇರೆ ಯಾವುದೋ ಗಟ್ಟಿ ಜಮಖಾನ ಹಾಸಿ, ಮೇಲೊಂದು ತೆಳು ಕೌದಿ ಹಾಕಿ. ಮೆತ್ತನೆ ಗಾದಿ ಬೇಡ, ಅದರಲ್ಲಿ ಕೂಸಿನ ಮುಖ ಹುಗಿಯುತ್ತದೆ. ಹಾಲು ಕುಡಿಸಿ ಅರ್ಧ ತಾಸಾದ ಮೇಲೆ, ಮೊದಲ ವಾರಗಳಲ್ಲಿ ಎರಡು ಮೂರು ನಿಮಿಷ ಸಾಕು. ನೀವೂ ಎದುರಿಗೆ ಬೋರಲು ಮಲಗಿ ಮುಖಕ್ಕೆ ಮುಖ ಕೊಡಿ. ನಿಮ್ಮ ಬಳಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಇದ್ದರೆ ಅದರ ಸೆರಗನ್ನು ಕೂಸಿನ ಎದುರಿಗೆ ಹರಡಿ. ಎಳೆಗೂಸಿಗೆ ತಿಳಿಬಣ್ಣಗಳಿಗಿಂತ ಕಪ್ಪಿನ ಮೇಲಿನ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ಗೋಪುರ, ತೇರು, ಆನೆಯ ಚಿತ್ತಾರವನ್ನು ಅದು ನೆಟ್ಟ ನೋಟದಿಂದ ನೋಡುವುದನ್ನು ನೀವೇ ಕಾಣುವಿರಿ. ನಿದ್ದೆ ಬಂದ ಕೂಡಲೇ ಅಂಗಾತ ಮಲಗಿಸಿ. ಬೋರಲು ಎಚ್ಚರವಿದ್ದಾಗ ಮಾತ್ರ, ಅದೂ ನಿಮ್ಮ ಕಣ್ಣೆದುರಿಗೆ.

ಮೂರ್ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲುತ್ತದೆ, ಆಮೇಲೆ ಹೊರಳುವುದು, ಕೂರುವುದು. ಪಕ್ಕದ ಮನೆಯ ಕೂಸಿನ ಜೊತೆ ಹೋಲಿಸಿ ಕೊರಗಬೇಡಿ. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ ಯಾವಾಗ ಬೇಕಾದರೂ ಬರಬಹುದು, ಒಂಟಿಯಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳ ನಡುವೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಕಂಡುಕೊಂಡ ಅಳತೆ ಇದು. ಕೆಲವು ಕೂಸು ಅಂಬೆಗಾಲಿಡದೆ ನೇರ ನಿಂತುಬಿಡುತ್ತವೆ, ಅದೂ ಸಹಜವೇ.

ಕೂಸನ್ನು ನಡುವೆ ಕೂರಿಸುವ ಗಾಲಿ ವಾಕರ್ ಮಾತ್ರ ಬೇಡವೇ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಹೊಸ್ತಿಲು ಮೆಟ್ಟಿಲುಗಳಲ್ಲಿ ಮಗುಚಿ ತಲೆಗೆ ಪೆಟ್ಟಾಗುತ್ತದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ. ಎದ್ದು ನಿಲ್ಲುವ ಕೂಸು ಹಿಂದಿನಿಂದ ಹಿಡಿದು ತಳ್ಳುವ ಕಟ್ಟಿಗೆಯ ಮೂರು ಗಾಲಿ ಗಾಡಿ, ನೀವು ಜೊತೆಗಿದ್ದರೆ, ಎಷ್ಟೋ ಪಾಲು ಒಳ್ಳೆಯದು.

ಕೂಸು ನೆಲಕ್ಕಿಳಿದ ದಿನ ನೀವೂ ಒಮ್ಮೆ ಅದರ ಎತ್ತರಕ್ಕೆ ಬಗ್ಗಿ ಮನೆಯೆಲ್ಲ ನೋಡಿ. ಕೆಳಗಿಟ್ಟ ಚಹಾದ ಕಪ್ಪು, ಸೊಳ್ಳೆಬತ್ತಿ, ಫಿನಾಯಿಲ್ ಬಾಟಲಿ, ರಿಮೋಟಿನ ಗುಂಡಿಯಂಥ ಸೆಲ್, ಕುಂಚಿಗೆಯ ಸೇಫ್ಟಿ ಪಿನ್ನು ಎಲ್ಲ ಮೇಲಕ್ಕೆ ಹೋಗಲಿ. ಬಚ್ಚಲಿನ ಬಕೆಟ್ಟು ಬರಿದಾಗಿರಲಿ, ನಾಲ್ಕು ಬೆರಳು ನೀರಿನಲ್ಲೂ ಕೂಸು ಮುಳುಗುತ್ತದೆ. ಬ್ಯಾಡಗಿಯ ಸುತ್ತಮುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು: ಆ ಕೆಲಸ ಕೂಸು ಮಲಗುವ ಕೋಣೆಯಲ್ಲಿ ಬೇಡ. ಕೂಸನ್ನು ಎತ್ತಿಕೊಳ್ಳುವ ಮೊದಲು ಸಾಬೂನು ಹಚ್ಚಿ ಕೈ ತೊಳೆದು, ಮೇಲಿನ ಸೀರೆ ಅಥವಾ ಅಂಗಿ ಬದಲಿಸಿ.

ಹೆಜ್ಜೆ 4: ಮನೆಮಾತಿನಲ್ಲಿ ಮಾತಾಡಿ, ಫೋನ್ ಕೆಳಗಿಡಿ

1984ರಲ್ಲಿ ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಈ ಎರಡರ ವ್ಯತ್ಯಾಸ ಇಂಗ್ಲಿಷಿನಲ್ಲಿ ಇಲ್ಲ. ಆದರೂ 6ರಿಂದ 8 ತಿಂಗಳ ಕೂಸುಗಳು ಅದನ್ನು ಸುಲಭವಾಗಿ ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಬಹುಪಾಲು ಕೂಸುಗಳಿಗೆ ಅದು ಆಗಲಿಲ್ಲ. ಅಂದರೆ ಮೊದಲ ಮಾತು ಬರುವುದಕ್ಕೆ ಮುಂಚೆಯೇ ಕಿವಿ ಮನೆಮಾತಿಗೆ ಹದಗೊಂಡಿರುತ್ತದೆ. ನಮ್ಮ ತ-ಟ, ನ-ಣ, ಲ-ಳ ಗಳ ಸೂಕ್ಷ್ಮವೆಲ್ಲ ಜಮಖಾನದ ಮೇಲೆ ಹೊರಳಾಡುವ ಕಾಲದಲ್ಲೇ ಒಳಗಿಳಿಯುತ್ತಿರುತ್ತದೆ.

ಆದ್ದರಿಂದ ಇಂಗ್ಲಿಷ್ ಬೇಗ ಬರಲಿ ಎಂದು ಆರು ತಿಂಗಳ ಕೂಸಿನ ಜೊತೆ "ಕಮ್, ಸಿಟ್, ಈಟ್" ಎಂದು ತುಂಡು ಮಾತು ಆಡುವ ಅಪ್ಪ-ಅವ್ವಂದಿರಿಗೆ ಕೈಮುಗಿದು ಹೇಳುತ್ತೇನೆ: ನಿಮಗೆ ಯಾವ ಭಾಷೆಯಲ್ಲಿ ಬೈಯಲು, ಮುದ್ದಿಸಲು, ಕಥೆ ಕಟ್ಟಲು ಬರುತ್ತದೋ ಆ ಭಾಷೆಯಲ್ಲೇ ಮಾತಾಡಿ. ಇಂಗ್ಲಿಷಿಗೆ ಮುಂದೆ ಬೇಕಾದಷ್ಟು ಹೊತ್ತಿದೆ. ಹುಬ್ಬಳ್ಳಿಯಲ್ಲಿ ಅಪ್ಪನದು ಕನ್ನಡ, ಅವ್ವನದು ಮರಾಠಿ, ಓಣಿಯಲ್ಲಿ ಉರ್ದು ಇರುವ ಮನೆಗಳು ಎಷ್ಟೋ. ಅದರಿಂದ ಕೂಸಿಗೆ ಗೊಂದಲವಾಗುವುದಿಲ್ಲ, ಮಾತೂ ತಡವಾಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಧಾರಾಳವಾಗಿ ಮಾತಾಡಲಿ.

ಹೇಗೆ ಮಾತಾಡಬೇಕು? ರೊಟ್ಟಿ ಬಡಿಯುವಾಗ ಕೂಸನ್ನು ಒಲೆಯಿಂದ ದೂರ, ಆದರೆ ನಿಮ್ಮ ಮುಖ ಕಾಣುವಂತೆ ಮಲಗಿಸಿ. ಸದ್ದು ಕೇಳಿ ತಿರುಗಿದರೆ "ರೊಟ್ಟಿ ಸಪ್ಪಳ ಕೇಳಿದ್ಯಾ? ಟಪ್ ಟಪ್ ಅಂತೈತಿ" ಅನ್ನಿ. ಅದು ನೋಡುತ್ತಿರುವುದನ್ನೇ ಹೆಸರಿಸುವುದು ಮುಖ್ಯ. ಕಾಗೆಯನ್ನು ನೋಡುತ್ತಿದ್ದರೆ ಕಾಗೆಯ ಮಾತು, ಫ್ಯಾನ್ ನೋಡುತ್ತಿದ್ದರೆ ಫ್ಯಾನಿನ ಮಾತು. ಆರೇಳು ತಿಂಗಳಿಗೆ "ಬಬಬ, ದದದ" ಶುರುವಾದಾಗ ಅದೇ ದನಿಯನ್ನು ತಿರುಗಿ ಹೇಳಿ, ಮತ್ತೆ ಕಾಯಿರಿ. ಒಂಬತ್ತು-ಹತ್ತು ತಿಂಗಳಿಗೆ "ಟಾಟಾ ಮಾಡು", "ಕೈ ಮುಗಿ" ಅರ್ಥವಾಗತೊಡಗುತ್ತದೆ. ವರ್ಷದ ಹೊತ್ತಿಗೆ ಬೆರಳು ತೋರಿಸುತ್ತದೆ. ಬೆರಳು ತೋರಿಸಿದ್ದಕ್ಕೆಲ್ಲ ಉತ್ತರ ಕೊಡಿ, ಅದು ಕೂಸಿನ ಮೊದಲ ಪ್ರಶ್ನೆ. ರಾತ್ರಿ ಜೋಗುಳ ಹಾಡಿ. ಕಂಠ ಚೆನ್ನಾಗಿಲ್ಲ ಎಂದು ಫೋನಿನಲ್ಲಿ ಹಾಕಬೇಡಿ, ಕೂಸಿಗೆ ಬೇಕಿರುವುದು ನಿಮ್ಮ ದನಿ.

ಫೋನಿನ ಮಾತು ಬಂತು. ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದಿದೆ. ಕೂಸಿನ ಜೊತೆ ನಗುತ್ತ ಆಡುತ್ತಿದ್ದ ತಾಯಿ ಒಮ್ಮೆಲೇ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರುತ್ತಾಳೆ. ಕೂಸಿಗೆ ಅದು ಕೂಡಲೇ ತಿಳಿಯುತ್ತದೆ. ನಗುತ್ತದೆ, ದನಿ ಮಾಡುತ್ತದೆ, ಕೈ ಚಾಚುತ್ತದೆ. ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಂಡು ಅಳುತ್ತದೆ. ಹಾಲು ಕುಡಿಸುತ್ತ ರೀಲ್ಸ್ ನೋಡುವಾಗ ನಮ್ಮ ಮುಖ ಕೂಸಿಗೆ ಹಾಗೆಯೇ ಕಾಣುತ್ತದೆ. ಒಮ್ಮೊಮ್ಮೆ ಆದರೆ ಚಿಂತೆಯಿಲ್ಲ, ಟ್ರಾನಿಕ್ ಪ್ರಯೋಗದಲ್ಲೂ ತಾಯಿ ಮತ್ತೆ ನಕ್ಕಾಗ ಕೂಸು ಒಲಿದುಬರುತ್ತದೆ. ದಿನವೆಲ್ಲ ಹಾಗೇ ನಡೆದರೆ ಚಿಂತೆ. ಕೂಸಿಗೆ ಫೋನ್ ತೋರಿಸುವುದಂತೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಒಂದು ವರ್ಷದೊಳಗೆ ಪರದೆಯೇ ಬೇಡ ಎಂದರೆ, ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಎರಡು ವರ್ಷದವರೆಗೂ ಬೇಡ ಎನ್ನುತ್ತದೆ. ಊರಲ್ಲಿರುವ ಅಜ್ಜನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿಸಿದರೆ ಪರವಾಗಿಲ್ಲ, ಅಲ್ಲಿ ಉತ್ತರ ಕೊಡುವ ಮನುಷ್ಯ ಇದ್ದಾನೆ.

ಹೆಜ್ಜೆ 5: ಊಟದಲ್ಲಿ ಕೂಸಿನ ಮಾತು ನಡೆಯಲಿ

ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ. ಮೊದಲ ಹಳದಿ ಹಾಲನ್ನು ಚೆಲ್ಲಬೇಡಿ. ಜೇನುತುಪ್ಪ ವರ್ಷದವರೆಗೆ ಬೇಡ, ಅದರಿಂದ ಬೊಟುಲಿಸಮ್ ಎಂಬ ಪ್ರಾಣಾಂತಿಕ ರೋಗ ಬರಬಹುದು. ಇಷ್ಟು ಎಲ್ಲರಿಗೂ ತಿಳಿದದ್ದೇ.

ಆರು ತಿಂಗಳು ತುಂಬಿದ ಮೇಲೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಉಪ್ಪು-ಸಕ್ಕರೆ ಇಲ್ಲದ ಗೋಧಿ ಸಜ್ಜಕ, ಹಿಸುಕಿದ ಬಾಳೆಹಣ್ಣು, ಕುಂಬಳಕಾಯಿ, ಬಿಸಿ ಜೋಳದ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿದ್ದು, ಮೇಲೆ ಅರ್ಧ ಚಮಚ ತುಪ್ಪ. ಮೊಟ್ಟೆ ತಿನ್ನುವವರು ಪೂರ್ತಿ ಬೇಯಿಸಿದ ಮೊಟ್ಟೆ ಕೊಡಬಹುದು. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಲಿ, ನೀರು ನೀರಾದ ತಿಳಿಗಂಜಿಯಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಶಕ್ತಿ ಇಲ್ಲ. ಇಡೀ ಶೇಂಗಾ, ಕಡಲೆ, ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಶೇಂಗಾ ಕೊಡುವುದಾದರೆ ಹುರಿದು ನುಣ್ಣಗೆ ಪುಡಿ ಮಾಡಿ ಕಲಸಿ. ಆರು ತಿಂಗಳಿಂದ ಕಬ್ಬಿಣಾಂಶದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರು ಕೊಡುತ್ತಾರೆ, ವಾರಕ್ಕೆರಡು ಸಲ 1 ಮಿಲಿಲೀಟರ್. ಮಲ ಕಪ್ಪಾಯಿತೆಂದು ನಿಲ್ಲಿಸಬೇಡಿ. ರಕ್ತಹೀನತೆ ಇದ್ದ ಕೂಸು ಮಂಕಾಗುತ್ತದೆ, ಕಲಿಯುವ ಹುರುಪೇ ಕುಗ್ಗುತ್ತದೆ.

ಕಾಲಲ್ಲಿ ಅದುಮಿ, ಮೂಗು ಹಿಡಿದು ತುರುಕುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ದಯವಿಟ್ಟು ನಿಲ್ಲಿಸಿ. ಚಮಚ ಎದುರಿಗೆ ಹಿಡಿದು ಬಾಯಿ ತೆರೆಯುವವರೆಗೆ ಕಾಯಿರಿ. ಮುಖ ತಿರುಗಿಸಿದರೆ ಸಾಕು ಎಂದರ್ಥ. ಒಂಬತ್ತು-ಹತ್ತು ತಿಂಗಳಿಗೆ ಹೆಬ್ಬೆರಳು-ತೋರುಬೆರಳಿನಿಂದ ಅಗುಳು ಎತ್ತುವುದು ಬರುತ್ತದೆ. ತಾಟಿನಲ್ಲಿ ನಾಲ್ಕು ಮೆತ್ತನೆ ಅಗುಳು ಹಾಕಿ ಬಿಡಿ. ಅರ್ಧ ನೆಲಕ್ಕೆ, ಕಾಲು ಭಾಗ ತಲೆಗೆ ಹೋಗುತ್ತದೆ. ನೆಲ ಒರೆಸಿಕೊಳ್ಳಬಹುದು.

ಹೆಜ್ಜೆ 6: ಆಟದ ಸಾಮಾನು ಮನೆಯಲ್ಲೇ ಇದೆ

ಸ್ಟೀಲ್ ಬಟ್ಟಲು ಮತ್ತು ಚಮಚ, ಮುಚ್ಚಳ ಇರುವ ಡಬ್ಬಿ, ನಾಲ್ಕು ಕಡಲೆಕಾಳು ಹಾಕಿ ಮುಚ್ಚಳವನ್ನು ಗಟ್ಟಿಯಾಗಿ ಅಂಟಿಸಿದ ಪ್ಲಾಸ್ಟಿಕ್ ಬಾಟಲಿ, ಕೌದಿ ಹೊಲಿದು ಉಳಿದ ಚಿಂದಿಗಳಲ್ಲಿ ತುಂಬಿ ಮಾಡಿದ ಚೆಂಡು ಸಾಕು. ಬಾಯಲ್ಲಿ ಹಿಡಿಯುವಷ್ಟು ಸಣ್ಣದು, ಬಣ್ಣ ಬಿಡುವುದು ಬೇಡ. ಎಲ್ಲವನ್ನೂ ಒಟ್ಟಿಗೆ ಸುರಿಯದೆ ಎರಡೇ ಎರಡು ಕೊಡಿ. ಎಂಟು ತಿಂಗಳ ಆಸುಪಾಸಿನಲ್ಲಿ ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂಬುದು ಕೂಸಿಗೆ ಹೊಳೆಯತೊಡಗುತ್ತದೆ. ಆಗ ಸೆರಗು ಮುಖದ ಮೇಲೆ ಎಳೆದುಕೊಂಡು ಬೂಕ್ ಅನ್ನುವ ಆಟ, ಬಟ್ಟಲ ಕೆಳಗೆ ಚೆಂಡು ಅಡಗಿಸುವ ಆಟ ಎಷ್ಟು ಸಲ ಆಡಿದರೂ ಅದಕ್ಕೆ ಸಾಕಾಗುವುದಿಲ್ಲ. ಚಮಚವನ್ನು ಮತ್ತೆ ಮತ್ತೆ ಕೆಳಗೆ ಬೀಳಿಸುವುದೂ ತುಂಟತನವಲ್ಲ. ಬಿಟ್ಟರೆ ಏನಾಗುತ್ತದೆ, ನೀವು ಏನು ಮಾಡುತ್ತೀರಿ, ಎರಡನ್ನೂ ಪರೀಕ್ಷಿಸುತ್ತಿರುತ್ತದೆ.

ಇಷ್ಟು ಸರಳವಾದದ್ದರಿಂದ ಏನು ಪ್ರಯೋಜನ ಎನ್ನುವವರಿಗೆ ಜಮೈಕಾದ ಉದಾಹರಣೆ ಕೊಡುತ್ತೇನೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಓಣಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 9ರಿಂದ 24 ತಿಂಗಳ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಒಂದು ತಾಸು ಹೋಗತೊಡಗಿದರು. ಕೈಯಲ್ಲಿದ್ದದ್ದು ಮನೆಯಲ್ಲೇ ಮಾಡಿದ ಆಟಿಕೆ. ಕೂಸಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಂದಿರಿಗೆ ತೋರಿಸಿದರು. ಎರಡು ವರ್ಷ ಇದು ನಡೆಯಿತು. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ, ಈ ಭೇಟಿ ಸಿಗದ ಅಂಥದೇ ಮಕ್ಕಳಿಗಿಂತ ಇವರ ಗಳಿಕೆ ಶೇ 25ರಷ್ಟು ಹೆಚ್ಚಿತ್ತು.

ಹೆಜ್ಜೆ 7: ಅಪ್ಪನನ್ನು ಒಳಗೆ ಕರೆತನ್ನಿ, ಅವ್ವನನ್ನು ನೋಡಿಕೊಳ್ಳಿ

ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದ ಹೆಣ್ಣುಮಗಳು ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಬರುತ್ತಾಳೆ. ಅಲ್ಲಿಯವರೆಗೆ ಅಪ್ಪ ನೆಂಟನಂತೆ ಬಂದು ಹೋಗುತ್ತಾನೆ. ಇದು ಬದಲಾಗಬೇಕು. ಬಸ್ ಡ್ರೈವರ್ ಆಗಿರಲಿ, ರೈಲ್ವೆ ವರ್ಕ್‌ಶಾಪಿನಲ್ಲಿರಲಿ, ರಜೆಯ ದಿನ ತವರಿಗೆ ಹೋದಾಗ ಕೂಸನ್ನು ನೋಡಿ ಬರುವುದಷ್ಟೇ ಸಾಲದು. ಒಂದು ಕೆಲಸವನ್ನು ತನ್ನದಾಗಿ ಮಾಡಿಕೊಳ್ಳಲಿ. ಬಟ್ಟೆ ಬದಲಿಸುವುದಿರಲಿ, ಎಣ್ಣೆ ಹಚ್ಚುವುದಿರಲಿ. ಗಂಡನ ಮನೆಗೆ ಬರುವುದು ಎಂಟನೆಯ ತಿಂಗಳಿನ ತನಕ ತಡವಾದರೆ ಕೂಸು ಹೊಸ ಮುಖ ಕಂಡು ಚಿಟ್ಟನೆ ಚೀರುವುದು ಸಹಜ. ಆ ವಯಸ್ಸಿನಲ್ಲಿ ತನ್ನವರು ಯಾರು ಎಂಬುದು ಅದಕ್ಕೆ ತಿಳಿದಿರುತ್ತದೆ. ಅತ್ತೆ-ಮಾವ ಬೇಸರಪಡದೆ ಒಂದು ವಾರ ದೂರದಲ್ಲೇ ಕೂತು ಮಾತಾಡಿಸಲಿ, ಕೂಸು ತಾನಾಗಿ ಕೈ ಚಾಚುತ್ತದೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಇದ್ದದ್ದೇ. ಎರಡು ವಾರ ದಾಟಿಯೂ ದುಃಖ ಇಳಿಯದಿದ್ದರೆ, ಕೂಸಿನ ಮೇಲೆ ಮಮತೆಯೇ ಹುಟ್ಟುತ್ತಿಲ್ಲ ಅನಿಸಿದರೆ, ಸಾಯಬೇಕೆನಿಸಿದರೆ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. "ಹೆಣ್ಣು ಹುಟ್ಟೇತಿ ಅಂತ ಬ್ಯಾಸರಾಗೇತಿ" ಎಂದು ಮನೆಯವರು ತಳ್ಳಿಹಾಕಬಾರದು. 14416 ಟೆಲಿಮಾನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಹೆಜ್ಜೆ 8: ಅನುಮಾನ ಬಂದರೆ ತಡಮಾಡಬೇಡಿ

ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ ಕೇಳಿ ಮಾಡಿಸಿ. ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳಿಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಆಮೇಲೆ ಇವನ್ನು ಗಮನಿಸಿ: ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು. ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿರುವುದು. ಒಂಬತ್ತು ತಿಂಗಳು ದಾಟಿದರೂ ಕೂರದಿರುವುದು, ಬಬಬ ಎನ್ನದಿರುವುದು. ವರ್ಷವಾದರೂ ಹೆಸರು ಕರೆದರೆ ತಿರುಗದಿರುವುದು, ಬೆರಳಿನಿಂದಾಗಲಿ ಕೈಯಿಂದಾಗಲಿ ಏನನ್ನೂ ತೋರಿಸದಿರುವುದು. ಹದಿನೆಂಟು ತಿಂಗಳಾದರೂ ನಡೆಯದಿರುವುದು. ಮೈ ಸದಾ ಬಿಗಿ ಅಥವಾ ತೀರಾ ಸಡಿಲ, ವರ್ಷದೊಳಗೇ ಒಂದೇ ಕೈ ಬಳಸುವುದು, ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು. ಬಂದಿದ್ದ ಮಾತೋ ನಗುವೋ ನಿಂತುಹೋದರೆ ಯಾವ ವಯಸ್ಸಾದರೂ ಕೂಡಲೇ ತೋರಿಸಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ವಯಸ್ಸನ್ನು ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಿ.

"ನಮ್ಮ ಮನೆತನದಾಗ ಗಂಡಹುಡುಗ್ರು ತಡಾನ ಮಾತಾಡ್ತಾವ" ಎಂದು ಕಾಯುತ್ತ ಕೂರುವುದರಲ್ಲಿ ಎಷ್ಟೋ ಅಮೂಲ್ಯ ತಿಂಗಳು ಕಳೆದುಹೋಗುತ್ತವೆ. ಮೊದಲು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ಆಶಾ ಹೆರಿಗೆಯ ನಂತರ 42 ದಿನದೊಳಗೆ ಹಲವು ಸಲ, ಆಮೇಲೆ 3, 6, 9, 12, 15ನೆಯ ತಿಂಗಳಲ್ಲಿ ಮನೆಗೆ ಬರಬೇಕು. ಬಂದಾಗ ತೂಕವಷ್ಟೇ ಕೇಳದೆ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಚಿತ್ರಗಳನ್ನೂ ಜೊತೆಗೆ ನೋಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಬಹುದು, ಅಲ್ಲಿ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು, ಗದಗ ಮತ್ತು ಹಾವೇರಿಯ ಸರಕಾರಿ ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗಕ್ಕೂ ಹೋಗಬಹುದು. ಹೋಗುವಾಗ ತಾಯಿ ಕಾರ್ಡು ಒಯ್ಯಿರಿ, ನಿಮಗೆ ಅನುಮಾನ ತಂದ ನಡವಳಿಕೆಯನ್ನು ಫೋನಿನಲ್ಲಿ ಚಿತ್ರಿಸಿಟ್ಟುಕೊಳ್ಳಿ. ಆಸ್ಪತ್ರೆಯ ಗದ್ದಲದಲ್ಲಿ ಕೂಸು ಅದನ್ನು ಮಾಡಿ ತೋರಿಸುವುದಿಲ್ಲ.

ಹೆಜ್ಜೆ 9: ಕೆಲಸಕ್ಕೆ ಮರಳುವಾಗ

ಕಾಯ್ದೆಯ ಪ್ರಕಾರ 26 ವಾರದ ಹೆರಿಗೆ ರಜೆ ಸಿಗುವುದು ನೌಕರಿಯಲ್ಲಿರುವ ಕೆಲವರಿಗೆ. ಗದಗದ ಹೊಲಗಳಲ್ಲಿ ಕಳೆ ತೆಗೆಯುವವರಿಗೆ, ಬೆಟಗೇರಿಯ ಮಗ್ಗದ ಮನೆಗಳ ಹೆಣ್ಣುಮಕ್ಕಳಿಗೆ ಆ ಭಾಗ್ಯ ಇಲ್ಲ. ಕೂಸು ಬೇವಿನ ಮರದ ಜೋಳಿಗೆಯಲ್ಲಿ, ಕಾಯುವವಳು ಶಾಲೆ ಬಿಟ್ಟ ಅಕ್ಕ. ಅಕ್ಕನ ಓದೂ ನಿಲ್ಲುತ್ತದೆ, ಕೂಸಿಗೂ ಬೇಕಾದ ಆರೈಕೆ ಸಿಗುವುದಿಲ್ಲ. ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತ್ರಿಗೆ ಮತ್ತು ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿಯೇ ಇರುವ ವ್ಯವಸ್ಥೆ ಇದು. ನಿಮ್ಮ ಪಂಚಾಯ್ತಿಯಲ್ಲಿ ಇದೆಯೇ, ಇದ್ದರೆ ಬಾಗಿಲು ದಿನವೂ ತೆರೆಯುತ್ತದೆಯೇ ಕೇಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ನಾಲ್ಕು ಜನ ತಾಯಂದಿರು ಒಟ್ಟಿಗೆ ಎದ್ದು ಕೇಳಿ.

ಕೂಸಿನ ಮನೆಯಾಗಲಿ, ಹುಬ್ಬಳ್ಳಿಯ ಖಾಸಗಿ ಶಿಶುಪಾಲನಾ ಕೇಂದ್ರವಾಗಲಿ, ಗೋಡೆಯ ಬಣ್ಣದ ಚಿತ್ರ ನೋಡಿ ಒಪ್ಪಬೇಡಿ. ಹೇಳದೆ ಕೇಳದೆ ಹೋಗಿ ಅರ್ಧ ತಾಸು ಕೂತು ನೋಡಿ. ಒಂದು ಕೂಸು ಅತ್ತಾಗ ಯಾರು ಏಳುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ? ಬಟ್ಟೆ ಬದಲಿಸುವಾಗ ಆಯಾ ಮಾತಾಡುತ್ತಾಳೆಯೇ? ಟಿವಿ ಹಚ್ಚಿಟ್ಟಿದ್ದಾರೆಯೇ? ಹೊರಳಾಡಲು ನೆಲದ ಮೇಲೆ ಜಾಗ ಇದೆಯೇ? ಒಬ್ಬಳ ಕೈಯಲ್ಲಿ ಎಷ್ಟು ಕೂಸು, ತಿಂಗಳಿಗೊಮ್ಮೆ ಆಯಾ ಬದಲಾಗುತ್ತಾಳೆಯೇ? ಸಮಾಧಾನವಾದರೆ ಮೊದಲ ದಿನ ನೀವೂ ಜೊತೆಗಿರಿ, ಎರಡನೆಯ ದಿನ ಅರ್ಧ ತಾಸು ಬಿಟ್ಟುಬನ್ನಿ, ಮೂರನೆಯ ದಿನ ಒಂದು ತಾಸು, ಹೀಗೆ ಒಂದೆರಡು ವಾರದಲ್ಲಿ ಹೆಚ್ಚಿಸುತ್ತ ಹೋಗಿ. ನಿಮ್ಮ ವಾಸನೆಯಿರುವ ಹಳೆಯ ಸೀರೆಯ ತುಂಡೊಂದು ಆಯಾಳ ಕೈಯಲ್ಲಿರಲಿ, ಎತ್ತಿಕೊಂಡು ಸಂತೈಸುವಾಗ ಆಕೆಯ ಹೆಗಲ ಮೇಲೆ ಹಾಕಿಕೊಳ್ಳಲು ಹೇಳಿ. ಕೂಸಿನ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಹೋಗಬೇಡಿ. "ಸಂಜಿಕ ಬರ್ತೀನಿ" ಎಂದು ಹೇಳಿ, ಅದು ಅತ್ತರೂ ಹೇಳಿಯೇ ಹೋಗಿ, ಹೇಳಿದ ಹೊತ್ತಿಗೆ ಬನ್ನಿ.